ಭಾನುವಾರದ ರಗ್ಬಿಗೆ ಮೌತ್‌ಗಾರ್ಡ್ ಶನಿವಾರವೇ ಕೂರಿಸಿ

ಇಂಗ್ಲೆಂಡಿನಲ್ಲಿ ಮಕ್ಕಳನ್ನು ರಗ್ಬಿಗೆ ಸೇರಿಸಿರುವ ಅಪ್ಪ-ಅಮ್ಮಂದಿರ ಗಮನಕ್ಕೆ. ಅಂಡರ್-8ವರೆಗೆ, ಅಂದರೆ ಎಂಟು ವರ್ಷದೊಳಗಿನವರ ಗುಂಪಿನವರೆಗೆ, ಚೆಂಡು ಹಿಡಿದವರನ್ನು ತಡೆಯೋಕೆ ಅವರ ಸೊಂಟದ ಪಟ್ಟಿಗೆ ಅಂಟಿಸಿದ ಟ್ಯಾಗ್ ಕಿತ್ತರೆ ಮುಗೀತು. ಅಂಡರ್-9ಕ್ಕೆ ಬಂದರೆ ಟ್ಯಾಕಲ್, ಅಂದರೆ ಅವರನ್ನು ತಬ್ಬಿ ಕೆಡವೋದು, ಶುರು. ಆಗ ಹಲ್ಲು ಕಾಯುವ ಮೌತ್‌ಗಾರ್ಡ್ ಇಲ್ಲದೆ ಕಳಿಸಲೇಬೇಡಿ.

ಬಿಸಿನೀರಲ್ಲಿ ಅದ್ದಿ ಕಚ್ಚಿಸುವ ಬಗೆಯದ್ದಾದರೆ, ಪೊಟ್ಟಣದ ಮೇಲೆ ಎಷ್ಟು ಸೆಕೆಂಡ್ ಅಂತಿದೆಯೋ ಅಷ್ಟೇ ಅದ್ದಿ. ಹೆಚ್ಚಾದರೆ ಸುರುಟಿಕೊಳ್ಳುತ್ತೆ, ಕಡಿಮೆಯಾದರೆ ಹಲ್ಲಿನ ಅಚ್ಚೇ ಮೂಡಲ್ಲ. ತೆಗೆದ ಮೇಲೆ ನೀರು ಝಾಡಿಸಿ, ಬಿಸಿ ತಡೆಯುವಷ್ಟಾದಾಗ ಮೇಲಿನ ಹಲ್ಲಿಗೆ ಕೂರಿಸಿ. ಮಗು ಗಟ್ಟಿಯಾಗಿ ಕಚ್ಚಿ ಗಾಳಿ ಒಳಗೆಳೆಯಲಿ. ನೀವು ತುಟಿಯ ಹೊರಗಿಂದ ಬೆರಳಲ್ಲಿ ಒತ್ತಿ. ಕೊನೆಗೆ ತಣ್ಣೀರಲ್ಲಿ ಹಾಕಿ. ಬಾಯಿ ತೆರೆದಾಗ ಬೀಳಬಾರದು, ಅದೇ ಪರೀಕ್ಷೆ. ಸಡಿಲವಾಗಿದ್ದರೆ "ಪಾಸ್ ಕೊಡೋ!" ಅಂತ ಕೂಗಿದೊಡನೆ ಕೆಸರಿಗೆ ಬೀಳುತ್ತೆ, ಮಗು ಹಾಗೇ ಎತ್ತಿ ಬಾಯಿಗೆ ಹಾಕಿಕೊಳ್ಳುತ್ತೆ! ಅದಕ್ಕೇ ಮೈದಾನದ ಬದಿಯಲ್ಲಿ ಒಂದು ಬಾಟಲಿ ನೀರು ಬೇರೆ ಇಟ್ಟಿರಿ. ಹಲ್ಲಿಗೆ ಕ್ಲಿಪ್ ಹಾಕಿಸಿದ್ದರೆ ಮಾತ್ರ ದಂತವೈದ್ಯರನ್ನೇ ಕೇಳಿ.

ಬೂಟಿನ ತಳದ ಗುಬುಟುಗಳಾದ ಸ್ಟಡ್‌ಗಳ ಮೇಲೆ ಹೆಬ್ಬೆರಳು ಆಡಿಸಿ ನೋಡಿ, ಚೂಪು ಅಂಚು ಸಿಕ್ಕರೆ ಬದಲಿಸಿ.

ಅಂಡರ್-9ವರೆಗೆ 3ನೇ ಸೈಜಿನ ಚೆಂಡು, ಅಂಡರ್-10ರಿಂದ 4. ಮೊಟ್ಟೆಯಾಕಾರದ ಚೆಂಡು ಪುಟಿಯುವ ದಿಕ್ಕು ಯಾರಿಗೂ ಸಿಗಲ್ಲ. ಐದು ಮಕ್ಕಳು ಕೈಚಾಚಿ ಓಡಿದರೆ ಅದು ಅವರ ತಲೆ ಮೇಲೆ ಹಾರಿ ಹಿಂದಕ್ಕೇ ಹೋಗುತ್ತೆ. ನೋಡೋಕೆ ಅದೆಷ್ಟು ಚಂದ!

ತಲೆಗೆ ಪೆಟ್ಟು ಬಿದ್ದು ಮಗು ಮಂಕಾಗಿ ಕಂಡರೆ ತಕ್ಷಣ ಹೊರಗೆ ಕರೆತನ್ನಿ, ಎಷ್ಟೇ ಹಟ ಮಾಡಿದರೂ ಆ ದಿನ ಮತ್ತೆ ಆಡಿಸಬೇಡಿ.