ಮುಟ್ಟಿನ ದಿನವೇ ಪಾರ್ಟಿ ಬಂತಾ? ಗ್ಲಾಸ್ ಎತ್ತುವ ಮುಂಚೆ ಮಾತ್ರೆ ನೋಡಿ

ಸಂಜೆ ಗೆಳತಿಯ ಬರ್ತ್‌ಡೇ, ಬೆಳಿಗ್ಗೆಯೇ ಮುಟ್ಟು. ಕುಡಿಯಬಹುದಾ? ಅಮ್ಮನ ಹತ್ತಿರ ಕೇಳುವ ಹಾಗಿಲ್ಲ, ಡಾಕ್ಟರ್ ಹತ್ತಿರ ಕೇಳಲು ಮುಜುಗರ. ಇಷ್ಟು ಕುಡಿದರೆ ಏನೂ ಆಗಲ್ಲ ಅನ್ನುವ ಅಳತೆ ಮದ್ಯಕ್ಕೆ ಇಲ್ಲವೇ ಇಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಹೇಳಿದೆ. ಆದರೂ ಕುಡಿಯುವವರು ಕುಡಿಯುತ್ತಾರೆ, ಅಲ್ವಾ? ಅವರಿಗಾಗಿ ಇದು.

ಮೊದಲು ಪರ್ಸ್‌ನಲ್ಲಿರುವ ಮಾತ್ರೆಯ ಸ್ಟ್ರಿಪ್ ತಿರುಗಿಸಿ ಓದಿ. ನನ್ನ ಪ್ರಕಾರ ಎಲ್ಲಕ್ಕಿಂತ ಮುಖ್ಯವಾದ ಕೆಲಸ ಇದೇ. ಮೆಡಿಕಲ್ ಶಾಪ್‌ನಲ್ಲಿ ಮುಟ್ಟಿನ ನೋವಿಗೆ ಕೊಡುವ ಮಾತ್ರೆಯಲ್ಲಿ ಸಾಮಾನ್ಯವಾಗಿ ಮೆಫೆನಮಿಕ್ ಆಸಿಡ್ ಇರುತ್ತದೆ, ಜೊತೆಗೆ ಡೈಸೈಕ್ಲೊಮಿನ್. ಗರ್ಭಕೋಶ ಹಿಂಡುವ ಹಾಗೆ ಮಾಡುವುದು ಪ್ರೊಸ್ಟಾಗ್ಲಾಂಡಿನ್ ಅನ್ನುವ ವಸ್ತು. ಮೆಫೆನಮಿಕ್ ಅದನ್ನು ಕಡಿಮೆ ಮಾಡಿ ನೋವು ಇಳಿಸುತ್ತದೆ. ತೊಂದರೆ ಏನೆಂದರೆ, ಜಠರದ ಒಳಪದರವನ್ನು ಆಸಿಡ್‌ನಿಂದ ಕಾಯುವುದೂ ಇದೇ ಪ್ರೊಸ್ಟಾಗ್ಲಾಂಡಿನ್. ಕಾವಲು ಕಡಿಮೆಯಾದ ಹೊಟ್ಟೆಗೆ, ಅದೂ ಖಾಲಿ ಹೊಟ್ಟೆಗೆ, ಮೇಲಿಂದ ವಿಸ್ಕಿ ಬಿದ್ದರೆ ಉರಿ, ವಾಂತಿ, ಕೆಲವರಿಗೆ ಹುಣ್ಣಾಗಿ ಒಳಗೇ ರಕ್ತಸ್ರಾವ. ಡೈಸೈಕ್ಲೊಮಿನ್‌ಗೆ ತಲೆಸುತ್ತು, ಮಂಪರು ತರಿಸುವ ಗುಣ ಮೊದಲೇ ಇದೆ, ಮದ್ಯ ಅದನ್ನು ಏರಿಸುತ್ತದೆ. ಸ್ಕೂಟಿ ಕೀ ಆಗಲೇ ಬೇರೆಯವರ ಕೈಗೆ ಕೊಟ್ಟುಬಿಡಿ. ಪ್ಯಾರಸಿಟಮಾಲ್ ಆದರೆ ಪರವಾಗಿಲ್ಲ ಅನ್ನಬೇಡಿ, ಜಾಸ್ತಿ ಕುಡಿಯುವವರ ಲಿವರ್‌ಗೆ ಅದೂ ಭಾರ. ಬಿಳಿ ಸೆರಗಿನ ಸೋಂಕಿಗೆ ಮೆಟ್ರೊನಿಡಜೋಲ್ ತೆಗೆದುಕೊಳ್ಳುತ್ತಿದ್ದರೆ ಕೋರ್ಸ್ ಮುಗಿದ ಮೇಲೂ 3 ದಿನ ಒಂದು ಹನಿಯೂ ಬೇಡ.

ಅಂದರೆ ಮಾತ್ರೆ ನುಂಗಿದ ದಿನ ಡ್ರಿಂಕ್ಸ್ ಇಲ್ಲ, ಮುಗೀತು. ಆಗಲೇ ಕುಡಿದಾಗಿದೆ, ಈಗ ನೋವು ಶುರುವಾಯಿತು ಅಂದರೆ ಬಿಸಿನೀರಿನ ಚೀಲ ಇಟ್ಟುಕೊಳ್ಳಿ. ಚೀಲಕ್ಕೆ ಟವೆಲ್ ಸುತ್ತಿ, ನಿದ್ದೆ ಬರುವ ಮುಂಚೆ ಪಕ್ಕಕ್ಕೆ ಇಡಿ. ಮತ್ತಿನಲ್ಲಿ ಚರ್ಮ ಸುಡುವುದು ಗೊತ್ತಾಗುವುದಿಲ್ಲ.

ಡೇಟ್ ತಡವಾಗಿದ್ದು, ಎರಡು ಹನಿ ಕಲೆ ಮಾತ್ರ ಕಂಡಿದೆಯಾ? ಅದನ್ನು ಮುಟ್ಟು ಅಂದುಕೊಳ್ಳುವ ಮುಂಚೆ ಪ್ರೆಗ್ನೆನ್ಸಿ ಟೆಸ್ಟ್ ಮಾಡಿಕೊಳ್ಳಿ.

ಆಮೇಲೆ ಲೆಕ್ಕ. 'ಬಿಯರ್ ತಾನೇ' ಅನ್ನುವವರು ಬಾಟಲಿಯ ಲೇಬಲ್ ನೋಡಬೇಕು. ಶೇ 42.8ರ ವಿಸ್ಕಿ 30 ಎಂಎಲ್‌ನಲ್ಲಿ ಸುಮಾರು 10 ಗ್ರಾಂ ಆಲ್ಕೋಹಾಲ್. ಶೇ 8ರ ಸ್ಟ್ರಾಂಗ್ ಬಿಯರ್ 650 ಎಂಎಲ್ ಬಾಟಲಿಯಲ್ಲಿ 41 ಗ್ರಾಂ, ಅಂದರೆ ಒಂದು ನೈಂಟಿಗಿಂತ ಜಾಸ್ತಿ! ಹೆಂಗಸರ ಮೈಯಲ್ಲಿ ನೀರಿನಂಶ ಕಡಿಮೆ ಇರುವುದರಿಂದ ಅಷ್ಟೇ ಕುಡಿದರೂ ಗಂಡಸರಿಗಿಂತ ಬೇಗ ಏರುತ್ತದೆ. ಆದ್ದರಿಂದ ಗೆಳೆಯನ ಸಮಕ್ಕೆ ಕುಡಿಯುವ ಹಠ ಬೇಡ.

ಕುಡಿಯುವ ಮುಂಚೆ ಹೊಟ್ಟೆ ತುಂಬ ಊಟ ಮಾಡಿ. ಮಸಾಲ ಕಡಲೆಕಾಯಿ, ಚಿಪ್ಸ್ ಊಟ ಅಲ್ಲ, ಉಪ್ಪು ಜಾಸ್ತಿಯಾದರೆ ಹೊಟ್ಟೆ ಉಬ್ಬರವೂ ಜಾಸ್ತಿ. ಮೈಯಲ್ಲಿ ನೀರು ಉಳಿಸುವ ಹಾರ್ಮೋನನ್ನು ಮದ್ಯ ತಡೆಯುತ್ತದೆ, ಅದಕ್ಕೇ ಪದೇ ಪದೇ ಬಾತ್‌ರೂಮ್. ಮೊದಲೇ ಸುಸ್ತು, ತಲೆನೋವು ಇರುವ ದಿನ ಈ ನೀರೂ ಹೋದರೆ ಬೆಳಿಗ್ಗೆ ಎದ್ದಾಗ ಮುಟ್ಟಿನ ಸಂಕಟ ಯಾವುದು, ಹ್ಯಾಂಗೋವರ್ ಯಾವುದು ಅಂತ ಗೊತ್ತಾಗುವುದಿಲ್ಲ. ಒಂದು ಗ್ಲಾಸ್ ಡ್ರಿಂಕ್, ಒಂದು ದೊಡ್ಡ ಗ್ಲಾಸ್ ನೀರು, ಹೀಗೆ ನಡೆಯಲಿ.

'ರೆಡ್ ವೈನ್ ಕುಡಿ, ರಕ್ತ ಬರುತ್ತೆ' ಅನ್ನುವ ದೊಡ್ಡಮ್ಮಂದಿರು ಇದ್ದಾರೆ. ಬಣ್ಣ ಕೆಂಪು ಅಷ್ಟೇ. ಅದರಲ್ಲಿರುವ ಟ್ಯಾನಿನ್ ಊಟದ ಕಬ್ಬಿಣ ಮೈಗೆ ಹತ್ತದಂತೆ ತಡೆಯುತ್ತದೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ 15ರಿಂದ 49 ವರ್ಷದ ಹೆಂಗಸರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಜನಕ್ಕೆ ರಕ್ತಹೀನತೆ ಕಂಡಿದೆ. ನಮಗೆ ಬೇಕಾಗಿರುವುದು ಸೊಪ್ಪು, ಕಾಳು, ಮೇಲೆ ನಿಂಬೆಹಣ್ಣು ಹಿಂಡಿದ ಕೋಸಂಬರಿ.

ಮಲಗುವ ಮುಂಚೆ, ಎಷ್ಟೇ ನಿದ್ದೆ ಬಂದಿರಲಿ, ಪ್ಯಾಡ್ ಬದಲಿಸಿ. ಟ್ಯಾಂಪೂನ್ ಆದರೆ 8 ಗಂಟೆಗಿಂತ, ಕಪ್ ಆದರೆ 12 ಗಂಟೆಗಿಂತ ಜಾಸ್ತಿ ಒಳಗೆ ಇರಬಾರದು, ಕುಡಿದು ಮಲಗಿದವರು ಮರೆಯುವುದೇ ಇದನ್ನು. ಫೋನ್‌ನಲ್ಲಿ ಅಲಾರಂ ಇಡಿ. ಕುಡಿದರೆ ನಿದ್ದೆ ಬೇಗ ಬರುತ್ತದೆ ನಿಜ, ಆದರೆ ಅರ್ಧರಾತ್ರಿ ದಾಟಿದ ಮೇಲೆ ಮತ್ತೆ ಮತ್ತೆ ಎಚ್ಚರವಾಗುತ್ತದೆ.

ವಾಂತಿಯಲ್ಲಿ ರಕ್ತ ಕಂಡರೆ, ಮಲ ಡಾಂಬರಿನಂತೆ ಕಪ್ಪಾಗಿದ್ದರೆ, ಗಂಟೆಗೊಂದು ಪ್ಯಾಡ್ ತೊಯ್ಯುತ್ತಿದ್ದರೆ ಬೆಳಗಾಗುವವರೆಗೆ ಕಾಯಬೇಡಿ, ಆಸ್ಪತ್ರೆಗೆ ಹೋಗಿ. ಅಲ್ಲಿ ಏನು ಕುಡಿದಿರಿ, ಎಷ್ಟು ಕುಡಿದಿರಿ, ಸುಮ್ನೆ ಮುಚ್ಚಿಡದೆ ಹೇಳಿ. ಪ್ರತಿ ತಿಂಗಳೂ ನೋವು ತಡೆಯಲಾಗದೆ ಕುಡಿಯುತ್ತಿದ್ದೀರಾ? ಎಂಡೊಮೆಟ್ರಿಯೋಸಿಸ್ ಥರದ ಕಾಯಿಲೆ ಇರಬಹುದು, ಸ್ತ್ರೀರೋಗ ತಜ್ಞರಿಗೆ ತೋರಿಸಿ. ಕುಡಿಯದೆ ಇರಲಾಗುತ್ತಿಲ್ಲ ಅನ್ನಿಸಿದರೆ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ. ಕರೆ ಉಚಿತ, ಕನ್ನಡದಲ್ಲೇ ಮಾತಾಡಬಹುದು.