ಥರ್ಮೋಕೋಲ್ ಅಚ್ಚಿನಲ್ಲಿ ಎರಕ ಹೊಯ್ದ ನಮ್ಮ ಮನೆ

"ಥರ್ಮೋಕೋಲಲ್ಲಿ ಯಾರಾದ್ರೂ ಮನೆ ಕಟ್ತಾರೇನೋ?" ಅಂತ ಅಪ್ಪ ಕೇಳಿದಾಗ ವಿಡಿಯೊ ಕಾಲ್‌ನಲ್ಲಿ ಒಂದು ಬ್ಲಾಕ್ ಎತ್ತಿ ತೋರಿಸಿದೆ. ಅಪ್ಪ ಅರಸೀಕೆರೆಯಲ್ಲಿ ನಲವತ್ತು ವರ್ಷ ಮೇಸ್ತ್ರಿಯಾಗಿದ್ದವರು. ಬ್ಲಾಕಿನೊಳಗಿನ ಪ್ಲಾಸ್ಟಿಕ್ ಅಡ್ಡಪಟ್ಟಿಗಳನ್ನು ನೋಡಿದ್ದೇ ತಡ, "ಓಹೋ, ಇದು ಗೋಡೆ ಅಲ್ಲ, ಸೆಂಟ್ರಿಂಗು. ಬಿಚ್ಚೋದು ಯಾವಾಗ?" ಅಂದರು. ಬಿಚ್ಚೋದೇ ಇಲ್ಲ ಅಪ್ಪ ಅಂದೆ.

ನಾವಿರುವುದು ಕೆನಡಾದ ಒಟ್ಟಾವಾ ಹತ್ತಿರ. ಜನವರಿಯಲ್ಲಿ ಸೊನ್ನೆಗಿಂತ 25 ಡಿಗ್ರಿ ಕೆಳಗೆ ಹೋಗುವ ರಾತ್ರಿಗಳು ಇಲ್ಲಿ ಮಾಮೂಲು. ಸುತ್ತಮುತ್ತ ಎಲ್ಲರದೂ ಮರದ ಚೌಕಟ್ಟಿನ ಮನೆ. ನಾನು ಐಸಿಎಫ್ ಆರಿಸಿಕೊಂಡೆ, ಅಂದರೆ ಇನ್ಸುಲೇಟೆಡ್ ಕಾಂಕ್ರೀಟ್ ಫಾರ್ಮ್. ಇದು ಈ ದೇಶದಲ್ಲೇ ಬೆಳೆದ ವಿದ್ಯೆ. ವರ್ನರ್ ಗ್ರೆಗೊರಿ ಎಂಬ ಕೆನಡಾದ ಗುತ್ತಿಗೆದಾರ 1966ರಲ್ಲೇ ಇಂಥ ಬ್ಲಾಕಿನ ಪೇಟೆಂಟ್‌ಗೆ ಅರ್ಜಿ ಹಾಕಿದ್ದರು. ನಾನು ತಂದ ಬ್ಲಾಕು 48 ಇಂಚು ಉದ್ದ, 16 ಇಂಚು ಎತ್ತರ. ಆಚೆ ಈಚೆ ಎರಡೂವರೆ ಇಂಚಿನ ಥರ್ಮೋಕೋಲ್ ಹಲಗೆ, ನಡುವೆ ಕಾಂಕ್ರೀಟಿಗೆ 6 ಇಂಚು ಜಾಗ. ನೆಲಮಾಳಿಗೆಗೆ ಮಾತ್ರ 8 ಇಂಚಿನದು. ಒಬ್ಬನೇ ಒಂದು ಕೈಯಲ್ಲಿ ಎತ್ತಿ ಇಡಬಹುದು. ಒಂದರ ಮೇಲೊಂದು ಕಚ್ಚಿಸಿ, ಪ್ರತಿ ವರಸೆಗೂ ಅಡ್ಡ ಕಂಬಿ ಇಟ್ಟು, ಮೇಲಿನಿಂದ ನಿಲುವು ಕಂಬಿ ಇಳಿಸಿ ಕಾಂಕ್ರೀಟ್ ತುಂಬಿದರೆ ಗೋಡೆ, ಕಾವು ತಡೆಯುವ ಹೊದಿಕೆ ಎರಡೂ ಒಟ್ಟಿಗೆ ಮುಗಿದಂತೆ.

ಹೇಳುವಾಗ ಸಲೀಸು. ಇದರಲ್ಲಿ ಹೆದರಬೇಕಾದ್ದು ಕಾಂಕ್ರೀಟ್ ಹಾಕುವ ದಿನಕ್ಕೆ. ಹಸಿ ಕಾಂಕ್ರೀಟ್ ನೀರಿನಂತೆಯೇ ಪಕ್ಕಕ್ಕೆ ಒತ್ತುತ್ತದೆ. ನಾಲ್ಕು ಅಡಿ ಎತ್ತರ ತುಂಬಿದರೆ ಬುಡದಲ್ಲಿ ಪ್ರತಿ ಚದರ ಅಡಿಗೆ ಸುಮಾರು 270 ಕೆ.ಜಿ. ಒತ್ತಡ. ಅದನ್ನು ತಡೆದು ನಿಲ್ಲಿಸುವುದು ಒಳಗಿನ ಆ ಪ್ಲಾಸ್ಟಿಕ್ ಪಟ್ಟಿಗಳು ಮಾತ್ರ. ಅದಕ್ಕೇ ಒಂದೇ ಸಲ ಮೇಲಿನ ತನಕ ತುಂಬಬಾರದು. ಮೂರು ನಾಲ್ಕು ಅಡಿಯಷ್ಟು ಹಾಕುತ್ತಾ ಮನೆಯನ್ನು ಒಂದು ಸುತ್ತು ಬರಬೇಕು. ಅಷ್ಟರಲ್ಲಿ ಮೊದಲು ಹಾಕಿದ್ದು ಸ್ವಲ್ಪ ಬಿಗಿದುಕೊಂಡಿರುತ್ತದೆ.

ನನ್ನ ತಪ್ಪು ಅಡುಗೆಮನೆ ಕಿಟಕಿಯ ಪಕ್ಕದಲ್ಲಿ ಕಾದು ಕೂತಿತ್ತು. ಅಲ್ಲಿ ಅಳತೆ ಹೊಂದದೆ ಬ್ಲಾಕನ್ನು ಕತ್ತರಿಸಿದ್ದೆ, ಕತ್ತರಿಸುವಾಗ ಒಂದು ಅಡ್ಡಪಟ್ಟಿ ಹೋಗಿತ್ತು. ಹೊರಗಿನಿಂದ ಪ್ಲೈವುಡ್ ತುಂಡು ಬಡಿಯಬೇಕು ಅಂತ ಗೊತ್ತಿತ್ತು. ಆದರೆ ಹಿಂದಿನ ಸಂಜೆ ಕತ್ತಲಾಯಿತು, ಬೆಳಿಗ್ಗೆ ಮಾಡಿದರಾಯಿತು ಅಂದುಕೊಂಡೆ. ಬೆಳಿಗ್ಗೆ ಪಂಪು ಬಂತು, ಮರೆತೆ. ಎರಡನೇ ಸುತ್ತಿನಲ್ಲಿ ಆ ಹಲಗೆ ಮೆಲ್ಲಗೆ ಉಬ್ಬಿದ್ದು ಕಣ್ಣಿಗೆ ಬಿತ್ತು. ಕೂಗುವಷ್ಟರಲ್ಲಿ ಚಟ್ ಅಂತ ಸದ್ದಾಗಿ ಎರಡಡಿ ಅಗಲದ ಹಲಗೆ ಕಿತ್ತು ಬಂತು. ಅಂಬಲಿಯಂತೆ ಕಾಂಕ್ರೀಟ್ ನನ್ನ ಬೂಟಿನ ಮೇಲೆ ಸುರಿಯಿತು. ಪಂಪಿನವನು ಕೂಡಲೇ ಮೆದುಗೊಳವೆಯನ್ನು ಇನ್ನೊಂದು ಗೋಡೆಗೆ ತಿರುಗಿಸಿದ್ದರಿಂದ ಉಳಿದೆವು. ಇಬ್ಬರು ಸಲಿಕೆಯಲ್ಲಿ ಸುರಿದದ್ದನ್ನು ಬಾಚಿದರು, ನಾನು ಹಲಗೆಯನ್ನು ಎದೆ ಕೊಟ್ಟು ಒತ್ತಿ ಹಿಡಿದೆ. ನನ್ನ ಹೆಂಡತಿ ಪ್ಲೈವುಡ್ ಇಟ್ಟು ಉಳಿದ ಪಟ್ಟಿಗಳಿಗೆ ಸ್ಕ್ರೂ ಹಾಕಿದಳು, ಮೇಲೆ ಎರಡು ಊರೆ ಕೊಟ್ಟೆವು. ಅರ್ಧ ಗಂಟೆ ಬಿಟ್ಟು ಅಲ್ಲಿಗೆ ವಾಪಸ್ ಬಂದು ತುಂಬಿದೆವು. ಪಟ್ಟಿ ಕತ್ತರಿಸಿದ ಜಾಗವನ್ನೆಲ್ಲ ಕೆಂಪು ಮಾರ್ಕರಿನಲ್ಲಿ ಗುರುತು ಹಾಕಿಡಿ, ಗುರುತಿದ್ದ ಕಡೆಯೆಲ್ಲ ಪ್ಲೈವುಡ್ ಬೀಳುವ ತನಕ ಪಂಪನ್ನು ಕರೆಯಬೇಡಿ. ಮೇಲಿನ ಮಹಡಿಗೆ ನಾನು ಹಾಗೇ ಮಾಡಿದೆ, ಒಂದು ಕಡೆಯೂ ಉಬ್ಬಲಿಲ್ಲ.

ವೈಬ್ರೇಟರ್ ಬಗ್ಗೆಯೂ ಹೇಳಲೇಬೇಕು. ಥರ್ಮೋಕೋಲ್ ಮರೆಯಲ್ಲಿ ಒಳಗೆ ಪೊಳ್ಳಾಗಿದ್ದರೆ ಕಾಣುವುದಿಲ್ಲ. ಸೆಂಟ್ರಿಂಗ್ ಬಿಚ್ಚಿ ನೋಡಿ ತೇಪೆ ಹಾಕುವ ಅವಕಾಶ ಇಲ್ಲಿಲ್ಲ. ಸಣ್ಣ ಜಲ್ಲಿಯ ಕಾಂಕ್ರೀಟ್ ತರಿಸಿ, ಒಂದಿಂಚಿನ ತೆಳು ಸೂಜಿಯ ವೈಬ್ರೇಟರನ್ನು ಬೇಗ ಇಳಿಸಿ ನಿಧಾನ ಎಳೆದೆ. ಕಿಟಕಿಯ ಕೆಳಭಾಗದಲ್ಲಿ ಗಾಳಿ ಸಿಕ್ಕಿಕೊಳ್ಳುತ್ತದೆ, ಅಲ್ಲಿ ಹಲಗೆಯಲ್ಲೇ ತೂತು ಬಿಟ್ಟು ಅದರೊಳಗಿಂದ ನೋಡುತ್ತಾ ತುಂಬಿದೆವು.

ಗೋಡೆ ನಿಂತ ಮೇಲೆ ನನಗೆ ಒಂದು ಹೆಮ್ಮೆ ಇತ್ತು. ಕಾವು ತಡೆಯುವ ಶಕ್ತಿಯನ್ನು ಇಲ್ಲಿ ಆರ್ ಎಂಬ ಅಂಕಿಯಲ್ಲಿ ಅಳೆಯುತ್ತಾರೆ, ಹೆಚ್ಚಿದ್ದಷ್ಟೂ ಒಳ್ಳೆಯದು. ಈ ಥರ್ಮೋಕೋಲು ಇಂಚಿಗೆ ಸುಮಾರು ಆರ್-4ರಷ್ಟು ಕಾವು ತಡೆಯುತ್ತದೆ, ಐದಿಂಚಿಗೆ ಆರ್-20 ದಾಟಿತು, ನಡುವೆ ಗಾಳಿ ನುಸುಳದ ಕಾಂಕ್ರೀಟು, ಇನ್ನೇನು ಬೇಕು ಅಂತ. ಗಾಳಿ ಸೋರಿಕೆ ಪರೀಕ್ಷೆಯ ದಿನ ಆ ಹೆಮ್ಮೆ ಇಳಿಯಿತು. ಮುಂಬಾಗಿಲಿಗೆ ದೊಡ್ಡ ಫ್ಯಾನ್ ಕೂರಿಸಿ ಒಳಗಿನ ಗಾಳಿಯನ್ನು ಹೊರಕ್ಕೆಳೆದು, ಒಳಗೂ ಹೊರಗೂ 50 ಪ್ಯಾಸ್ಕಲ್ ಒತ್ತಡದ ವ್ಯತ್ಯಾಸ ತಂದು ಅಳೆಯುತ್ತಾರೆ. ಅತಿ ಕಡಿಮೆ ಇಂಧನ ಬೇಡುವ ಮನೆಗಳ ಮಾನದಂಡವಾದ ಪ್ಯಾಸಿವ್ ಹೌಸ್ ಮಟ್ಟಕ್ಕೆ ಗಂಟೆಗೆ 0.6 ಸಲಕ್ಕಿಂತ ಹೆಚ್ಚು ಮನೆಯ ಗಾಳಿ ಬದಲಾಗಬಾರದು. ನಮ್ಮದು 1.9 ಬಂತು.

ದೇವರ ಮನೆಯಿಂದ ಊದಿನಕಡ್ಡಿ ತಂದು ಹಚ್ಚಿಕೊಂಡು ಫ್ಯಾನ್ ಓಡುತ್ತಿರುವಾಗಲೇ ಗೋಡೆಗುಂಟ ನಡೆದೆ. ಗೋಡೆಯ ಮೈಯಲ್ಲಿ ಹೊಗೆ ನೆಟ್ಟಗೆ ಮೇಲೇರುತ್ತಿತ್ತು. ಕಿಟಕಿ ಮೂಲೆಗೆ ಬಂದ ಕೂಡಲೇ ಒಳಮುಖವಾಗಿ ಬಾಗಿ ಚದುರಿತು. ಕಾಂಕ್ರೀಟಿನೊಳಗೆ ಕೂರಿಸಿದ್ದ ಮರದ ಚೌಕಟ್ಟು ಒಣಗಿ ಕುಗ್ಗಿ, ಉಗುರು ತೂರುವಷ್ಟು ಸಂದು ಬಿಟ್ಟಿತ್ತು. ಗೋಡೆಯ ನೆತ್ತಿಯಲ್ಲಿ ಮಾಡಿನ ಮರ ಕೂರುವ ಸಾಲಿನಲ್ಲೂ ಅದೇ ಕಥೆ, ಬಟ್ಟೆ ಒಣಗಿಸುವ ಯಂತ್ರದ ಕೊಳವೆ ಸುತ್ತಲೂ ಅದೇ. ಎರಡು ವಾರ ಟೇಪು, ಸೀಲಂಟು, ಫೋಮು ಹಿಡಿದು ಬರೀ ಸಂದುಗಳನ್ನೇ ಮುಚ್ಚಿದೆ. ಎರಡನೇ ಪರೀಕ್ಷೆಯಲ್ಲಿ 0.9. ಈ ಬ್ಲಾಕು ಗೋಡೆಯನ್ನು ತಾನೇ ನೋಡಿಕೊಳ್ಳುತ್ತದೆ. ಗೋಡೆ ಎಲ್ಲಿ ಮುಗಿಯುತ್ತದೋ ಅಲ್ಲಿಂದಾಚೆಗಿನದು ನಮ್ಮ ಕೈಲಿದೆ. ಐಸಿಎಫ್ ಕಟ್ಟುವವರು ಆರ್ ಲೆಕ್ಕ ಹೇಳಿದರೆ ನಾನು ಈಗ ಕಿಟಕಿ ಚೌಕಟ್ಟನ್ನು ಹೇಗೆ ಕೂರಿಸುತ್ತೀರಿ ಅಂತ ಕೇಳುತ್ತೇನೆ.

ಇಷ್ಟು ಬಿಗಿ ಮನೆಗೆ ಉಸಿರಾಟಕ್ಕೆ ಯಂತ್ರ ಬೇಕೇ ಬೇಕು. ಹೊರಹೋಗುವ ಗಾಳಿಯ ಕಾವನ್ನು ಒಳಬರುವ ಗಾಳಿಗೆ ದಾಟಿಸುವ ಎಚ್‌ಆರ್‌ವಿ ಹಾಕಿಸಿದೆವು. ಮೊದಲ ಚಳಿಗಾಲ ಕಿಟಕಿ ಗಾಜಿನ ಮೇಲೆ ನೀರಿಳಿಯುತ್ತಿತ್ತು. ಗೋಡೆಯೊಳಗಿನ ಕಾಂಕ್ರೀಟು ಇನ್ನೂ ಒಣಗುತ್ತಿತ್ತು. ಯಂತ್ರ ಜಾಸ್ತಿ ಓಡಿಸಿದೆವು, ಎರಡನೇ ವರ್ಷಕ್ಕೆ ನಿಂತಿತು. ಒಣಮೆಣಸಿನಕಾಯಿ ಒಗ್ಗರಣೆ ಹಾಕುವವರಿಗೆ ಇನ್ನೊಂದು ಮಾತು: ಅಡುಗೆಮನೆಯ ಚಿಮಣಿ ಜೋರಾಗಿ ಗಾಳಿ ಎಳೆಯುವಾಗ ಆ ಗಾಳಿ ಎಲ್ಲಿಂದಲೋ ಒಳಗೆ ಬರಲೇಬೇಕಲ್ಲ, ಅದಕ್ಕೆ ಬೇರೆ ದಾರಿಯನ್ನು ನಕ್ಷೆಯಲ್ಲೇ ಇಡಿ. ನಾವು ಆಮೇಲೆ ಗೋಡೆ ಕೊರೆಸಿ ಕೂರಿಸಿದೆವು, ಆರಿಂಚಿನ ಕಾಂಕ್ರೀಟ್ ಕೊರೆಯುವುದು ಅಗ್ಗದ ಕೆಲಸವಲ್ಲ.

ಕಳೆದ ಜನವರಿಯಲ್ಲಿ ಅಪ್ಪ ಅಮ್ಮ ಬಂದಿದ್ದರು. ಒಂದು ಸಂಜೆ ಮಂಜುಬಿರುಗಾಳಿಗೆ ಕರೆಂಟ್ ಹೋಗಿ ಮರುದಿನ ಮಧ್ಯಾಹ್ನ ಬಂತು. ಹೀಟರ್ ಇಲ್ಲದೆ ಇಡೀ ರಾತ್ರಿ ಕಳೆದರೂ ಒಳಗೆ 21 ಇದ್ದದ್ದು 17ಕ್ಕಿಂತ ಕೆಳಗಿಳಿಯಲಿಲ್ಲ. ಬೆಳಿಗ್ಗೆ ಅಪ್ಪ ಬನಿಯನ್ನಿನಲ್ಲೇ ಹೊರಗೋಡೆಗೆ ಬೆನ್ನು ಕೊಟ್ಟು ಕೂತು, ಅಂಗೈಯಿಂದ ಗೋಡೆ ಮುಟ್ಟಿ ನೋಡುತ್ತಿದ್ದರು. "ನಮ್ಮೂರಲ್ಲಿ ಇದನ್ನ ಕಟ್ಟಬೋದಾ?" ಅಂದರು.

ಅರಸೀಕೆರೆಗೆ ನಾನು ಇದನ್ನು ಹೇಳುವುದಿಲ್ಲ. ನೆಲಕ್ಕೆ ತಾಗಿದ ಥರ್ಮೋಕೋಲಿನೊಳಗೆ ಗೆದ್ದಲು ಸುರಂಗ ಮಾಡಿಕೊಂಡು ಹೋಗುತ್ತದೆ, ಹೊರಗಿನಿಂದ ಕಾಣುವುದೂ ಇಲ್ಲ. ಅದಕ್ಕಿಂತ ಹೆಚ್ಚಾಗಿ, ಅಲ್ಲಿ ಬೇಸಿಗೆಯ ಸೆಕೆ ಬರುವುದು ನೆತ್ತಿಯ ಮೇಲಿನ ಆರ್‌ಸಿಸಿಯಿಂದ. ಮನೆಗಳಲ್ಲಿ ಇಂಧನ ಉಳಿಸಲು ಭಾರತ ಮಾಡಿದ ನಿಯಮಾವಳಿ, ಇಕೋ ನಿವಾಸ್ ಸಂಹಿತೆ 2018ರಲ್ಲೂ ತಾರಸಿಗೆ ಪ್ರತ್ಯೇಕ ಮಿತಿ ಇದೆ: ಒಂದು ಡಿಗ್ರಿ ವ್ಯತ್ಯಾಸಕ್ಕೆ ಚದರ ಮೀಟರಿಗೆ 1.2 ವ್ಯಾಟ್‌ಗಿಂತ ಹೆಚ್ಚು ಕಾವು ದಾಟಬಾರದು. ಬರೀ ಆರ್‌ಸಿಸಿ ತಾರಸಿ ಅದರ ಹತ್ತಿರವೂ ಸುಳಿಯುವುದಿಲ್ಲ. ಎರಡಿಂಚು ಗಟ್ಟಿ ಫೋಮ್ ಹಲಗೆ, ಅದರ ಮೇಲೆ ಗಾರೆ, ಬಿಳಿ ಟೈಲ್ಸು ಹಾಕಿದರೆ ಆ ಮಿತಿಯೊಳಗೆ ಬರುತ್ತದೆ. ಅಪ್ಪ ಅಲ್ಲೇ ಕಾಗದ ತೆಗೆದು ತಾರಸಿಯ ಚದರಡಿ ಲೆಕ್ಕ ಹಾಕಿದರು. ಯುಗಾದಿ ಕಳೆದ ವಾರ ಕೆಲಸ ಶುರುವಾಯಿತು, ನೀರು ಹರಿಯುವ ವಾಟ ಮಾತ್ರ ತಾವೇ ರಸಮಟ್ಟ ಹಿಡಿದು ನೋಡಿದರಂತೆ.