1911ರ ನಿಯಮದಲ್ಲಿ ಕಾಲೇಜು ಫುಟ್‌ಬಾಲ್ ಲೀಗ್ ಆಡಿಸುವುದು

1911ರ ಜುಲೈ 29ರಂದು ಕಲ್ಕತ್ತದಲ್ಲಿ ಮೋಹನ್ ಬಗಾನ್ ತಂಡ ಬ್ರಿಟಿಷ್ ಸೇನೆಯ ಈಸ್ಟ್ ಯಾರ್ಕ್‌ಷೈರ್ ರೆಜಿಮೆಂಟಿನ ತಂಡವನ್ನು 2–1ರಿಂದ ಸೋಲಿಸಿ ಐಎಫ್ಎ ಶೀಲ್ಡ್ ಫುಟ್‌ಬಾಲ್ ಟೂರ್ನಿ ಗೆದ್ದಿತು. ಆ ಕಾಲದ ಆಟ ಹೇಗಿತ್ತೆಂದು ಹುಡುಗರಿಗೆ ಭಾಷಣ ಮಾಡುವುದಕ್ಕಿಂತ ಆಡಿಸಿ ತೋರಿಸುವುದು ಮೇಲು. ಬಳ್ಳಾರಿ, ಕೊಪ್ಪಳ, ಗಂಗಾವತಿ, ರಾಯಚೂರಿನಿಂದ ಒಂದೊಂದು ಕಾಲೇಜು ತಂಡ ಬಂದರೆ ಆರು ಪಂದ್ಯಗಳಲ್ಲಿ ಲೀಗ್ ಮುಗಿಯುತ್ತದೆ. ಖರ್ಚು ಮಾಮೂಲಿ ಟೂರ್ನಮೆಂಟಿನಷ್ಟೇ. ತಯಾರಿ ಮಾತ್ರ ಬೇರೆ; ಅದೂ ಆಟಗಾರರಿಗಿಂತ ರೆಫರಿಗೆ ಹೆಚ್ಚು.

ಡಿಸೆಂಬರ್ ನಡುವೆ ಶುರುಮಾಡಿ ಫೆಬ್ರುವರಿ ಮೊದಲ ವಾರದೊಳಗೆ ಮುಗಿಸಿ. ತಡವಾದರೆ ಬಿಸಿಲು. ಬೇಗ ಹೊರಟರೆ ಹಿಂಗಾರು ಮಳೆ, ಎರೆ (ಕಪ್ಪು ಮಣ್ಣಿನ) ನೆಲದಲ್ಲಿ ಬೂಟಿಗೆ ಮಣ್ಣು ಮೆತ್ತಿ ಕಾಲೇ ಏಳುವುದಿಲ್ಲ. ಮಸಾರಿ (ಕೆಂಪು ಮಣ್ಣಿನ) ಮೈದಾನ ಸಿಕ್ಕರೆ ಅದನ್ನೇ ಹಿಡಿಯಿರಿ. ಎರೆಯೇ ಗತಿಯಾದರೆ ಮೊದಲ ಕೆಲಸ ಬಿರುಕು ಮುಚ್ಚುವುದು. ನೀರು ಕುಡಿದು ಉಬ್ಬಿದ ಎರೆ ಒಣಗುತ್ತ ಕುಗ್ಗಿ ಸೀಳುತ್ತದೆ, ಆ ಸೀಳಿಗೆ ಬೂಟಿನ ತುದಿ ಸಿಕ್ಕಿದರೆ ಕಾಲು ಉಳುಕಿದಂತೆಯೇ. ಜರಡಿ ಹಿಡಿದ ಮಸಾರಿ ಮಣ್ಣು ತುಂಬಿ, ಸಂಜೆ ನೀರು ಚಿಮುಕಿಸಿ, ಬೆಳಿಗ್ಗೆ ರೋಲರ್ ಎಳೆಯಿರಿ. ರೋಲರಿಗೆ ಮಣ್ಣು ಅಂಟಿದರೆ ಇನ್ನೊಂದು ತಾಸು ಕಾಯಿರಿ. ಧೂಳೆದ್ದರೆ ಹದ ತಪ್ಪಿದೆ, ಮತ್ತೆ ನೀರು ಹಾಕಿ. ಮೋಹನ್ ಬಗಾನ್ ಹುಡುಗರಲ್ಲಿ ಹೆಚ್ಚಿನವರು ಬರಿಗಾಲಲ್ಲಿ ಆಡಿದ್ದರು, ನಾವೂ ಹಾಗೇ ಆಡೋಣ ಎಂದು ಯಾರಾದರೂ ಹೇಳೇ ಹೇಳುತ್ತಾರೆ. ನಮ್ಮ ಕಡೆಯ ನೆಗ್ಗಿಲುಮುಳ್ಳು ಅವರಿಗೆ ಗೊತ್ತಿಲ್ಲವೆಂದು ಕಾಣುತ್ತದೆ. ಬೂಟು ಇರಲಿ.

ಗೆರೆಗಳ ವಿಷಯದಲ್ಲಿ ಹೆಚ್ಚು ಕೆಲಸವಿಲ್ಲ. 18 ಗಜದ ಪೆನಾಲ್ಟಿ ಆವರಣ, 6 ಗಜದ ಗೋಲ್ ಆವರಣ, 12 ಗಜದ ಪೆನಾಲ್ಟಿ ಗುರುತು ಇವೆಲ್ಲ 1902ರಿಂದ ಇದೇ ಅಳತೆಯಲ್ಲಿವೆ. ಪೆನಾಲ್ಟಿ ಆವರಣದ ಹೊರಗಿನ ‘ಡಿ’ ಆಕಾರದ ಕಮಾನನ್ನು ಮಾತ್ರ ಎಳೆಯಬೇಡಿ, ಅದು ಬಂದದ್ದು 1937ರಲ್ಲಿ. ಮೂಲೆ ನೆಟ್ಟಗೆ ಬರಲು 9, 12, 15 ಮೀಟರಿನ ಹಗ್ಗದ ತ್ರಿಕೋನ ಹಿಡಿಯಿರಿ. ಸುಟ್ಟ ಸುಣ್ಣ ಬೇಡ, ಬೆವರಿದ ಮೈಗೆ ತಾಗಿದರೆ ಚರ್ಮ ಸುಡುತ್ತದೆ. ಸೀಮೆಸುಣ್ಣದ ಪುಡಿ ಸಾಕು.

ಚೆಂಡನ್ನು ತಕ್ಕಡಿಗೆ ಹಾಕಿ ಆರಿಸಿ. ಅಂದಿನ ತೂಕ 13ರಿಂದ 15 ಔನ್ಸ್, ಅಂದರೆ ಸುಮಾರು 368ರಿಂದ 425 ಗ್ರಾಂ. ಇಂದಿನದು 410ರಿಂದ 450. ಹಾಗಾಗಿ 410–425 ಗ್ರಾಂ ತೂಗುವ ಐದನೇ ಸೈಜಿನ, ಕೈಹೊಲಿಗೆಯ ಚೆಂಡು ಎರಡೂ ಕಾಲಕ್ಕೆ ಒಪ್ಪುತ್ತದೆ.

ಇನ್ನು ನಿಜವಾದ ತಲೆನೋವು, ಆಫ್‌ಸೈಡ್, ಅಂದರೆ ತನ್ನವರು ಚೆಂಡು ಕೊಡುವಾಗ ಎದುರಾಳಿಯ ಗೋಲಿನತ್ತ ತೀರಾ ಮುಂದೆ ಹೋಗಿ ನಿಂತಿರುವ ತಪ್ಪು. 1925ರವರೆಗೆ ಮುಂದಿನ ಆಟಗಾರನಿಗೂ ಗೋಲ್ ಗೆರೆಗೂ ನಡುವೆ ಎದುರಾಳಿಗಳು ಇಬ್ಬರಲ್ಲ, ಮೂವರು ಇರಬೇಕಿತ್ತು. ಮೂರನೆಯವನ ಸಮಕ್ಕೆ ನಿಂತರೂ ಆಫ್‌ಸೈಡೇ. ತನ್ನ ಅರ್ಧ ಮೈದಾನದಲ್ಲಿದ್ದರೆ ಮಾತ್ರ 1907ರಿಂದ ವಿನಾಯಿತಿ. ಇದರ ಫಲ ಹೀಗೆ: ಗೋಲ್‌ಕೀಪರ್, ಒಬ್ಬ ಬ್ಯಾಕ್ ಹಿಂದೆ ಉಳಿದು, ಇನ್ನೊಬ್ಬ ಬ್ಯಾಕ್ ನಾಲ್ಕು ಹೆಜ್ಜೆ ಮುಂದೆ ಸರಿದರೆ ಎದುರಿನ ಫಾರ್ವರ್ಡ್ ಬಲೆಯಲ್ಲಿ. ಇಂಗ್ಲೆಂಡಿನ ನ್ಯೂಕ್ಯಾಸಲ್ ತಂಡದ ಬ್ಯಾಕ್ ಬಿಲ್ ಮೆಕ್‌ಕ್ರಾಕೆನ್ ಈ ಚಾಲಾಕಿಯಿಂದಲೇ ಹೆಸರಾದವನು. ಥ್ರೋ-ಇನ್‌ನಿಂದಲೂ ಆಫ್‌ಸೈಡ್ ಆಗುತ್ತಿತ್ತು, ಆ ವಿನಾಯಿತಿ ಸಿಕ್ಕದ್ದು 1920ರಲ್ಲಿ. ಲೈನ್ಸ್‌ಮನ್ ಎಡವುವುದು ಇಲ್ಲಿಯೇ: ಥ್ರೋ ಎಂದಾಕ್ಷಣ ಅಭ್ಯಾಸಬಲದಿಂದ ಬಾವುಟ ಇಳಿಸಿಬಿಡುತ್ತಾನೆ. ಪಂದ್ಯಕ್ಕೆ ವಾರ ಮುಂಚೆ ಒಬ್ಬ ಕೀಪರ್, ಇಬ್ಬರು ಬ್ಯಾಕ್, ಒಬ್ಬ ವಿಂಗರನ್ನು ನಿಲ್ಲಿಸಿ, ನಡೆದಾಡಿಸುತ್ತ, ಪ್ರತಿ ಥ್ರೋಗೂ ಪಾಸ್‌ಗೂ ‘ಮೂರು ಇದ್ದಾರಾ?’ ಎಂದು ಗಟ್ಟಿಯಾಗಿ ಎಣಿಸಿರಿ. ಇಪ್ಪತ್ತು ಸಲ ಮಾಡಿಸಿದರೆ ಕಣ್ಣು ಪಳಗುತ್ತದೆ.

ಕೀಪರ್ ತನ್ನ ಅರ್ಧ ಮೈದಾನದಲ್ಲಿ ಎಲ್ಲಿ ಬೇಕಾದರೂ ಚೆಂಡಿಗೆ ಕೈ ಹಾಕಬಹುದು (1912ರಲ್ಲಿ ಇದು ಪೆನಾಲ್ಟಿ ಆವರಣಕ್ಕೆ ಸೀಮಿತವಾಯಿತು), ಆದರೆ ಹಿಡಿದುಕೊಂಡು ಎರಡು ಹೆಜ್ಜೆಗಿಂತ ಹೆಚ್ಚು ನಡೆಯುವಂತಿಲ್ಲ. ಫ್ರೀ ಕಿಕ್‌ಗೆ ಎದುರಾಳಿಗಳು 6 ಗಜ ದೂರ ನಿಂತರೆ ಸಾಕು. ಕಾರ್ನರ್‌ನಿಂದ ಚೆಂಡು ನೇರ ಒಳಹೊಕ್ಕರೆ ಗೋಲಿಲ್ಲ. ಕಾರ್ಡಿಲ್ಲ, ಜೆರ್ಸಿಗೆ ನಂಬರಿಲ್ಲ, ಬದಲಿ ಆಟಗಾರನಿಲ್ಲ. ಎರಡು ಕಡೆ ಮಾತ್ರ ಹಳೆಯದನ್ನು ಬಿಡಿ: ಚೆಂಡು ಹಿಡಿದ ಕೀಪರನಿಗೆ ಭುಜ ಕೊಟ್ಟು ಗುದ್ದುವುದು ಆಗ ಸರಿಯಿತ್ತು, ಈಗ ಬೇಡ, ತಲೆಗೆ ಪೆಟ್ಟಾದವನ ಬದಲಿಗೆ ಇನ್ನೊಬ್ಬನನ್ನು ಇಳಿಸಲಿ. ಎರಡನ್ನೂ ಬರೆದು ನಾಲ್ಕೂ ನಾಯಕರ ಸಹಿ ಹಾಕಿಸಿಕೊಳ್ಳಿ.

ತಂಡ ನಿಲ್ಲಿಸುವುದು 2-3-5ರಲ್ಲಿ: ಇಬ್ಬರು ಬ್ಯಾಕ್, ಮೂವರು ಹಾಫ್, ಐವರು ಫಾರ್ವರ್ಡ್. ಗಟ್ಟಿ ಆಟಗಾರನನ್ನು ಸೆಂಟರ್ ಹಾಫ್‌ಗೆ, ಅಂದರೆ ಮೂವರು ಹಾಫ್‌ಗಳ ನಡುವಿನ ಜಾಗಕ್ಕೆ ಹಾಕಿ. ಅವನು ದಣಿದರೆ ತಂಡವೇ ದಣಿದಂತೆ.

ಗೆಲುವಿಗೆ 2 ಅಂಕ, ಡ್ರಾಗೆ 1. ಅಂಕ ಸಮವಾದರೆ ಗೋಲುಗಳ ಅಂತರವಲ್ಲ, ಹೊಡೆದ ಗೋಲನ್ನು ಬಿಟ್ಟುಕೊಟ್ಟ ಗೋಲಿನಿಂದ ಭಾಗಿಸಿ. 6 ಹೊಡೆದು 2 ಬಿಟ್ಟ ತಂಡಕ್ಕೆ 3.00, 9 ಹೊಡೆದು 4 ಬಿಟ್ಟ ತಂಡಕ್ಕೆ 2.25. ಇಂದಿನ ಲೆಕ್ಕದಲ್ಲಿ ಎರಡನೆಯದು ಮೇಲೆ, ಅಂದಿನ ಲೆಕ್ಕದಲ್ಲಿ ಮೊದಲನೆಯದು. ಮೂರೇ ಪಂದ್ಯದ ಲೀಗಿನಲ್ಲಿ ಒಂದೂ ಗೋಲು ಬಿಡದ ತಂಡವೂ ಇರಬಹುದು. ಸೊನ್ನೆಯಿಂದ ಭಾಗಿಸಲು ಬರುವುದಿಲ್ಲ. ಅಂಥ ತಂಡವೇ ಮೇಲು, ಅಂಥವು ಎರಡಿದ್ದರೆ ಹೆಚ್ಚು ಹೊಡೆದದ್ದು ಮೇಲು ಎಂದು ಮೊದಲ ಸೀಟಿ ಊದುವ ಮುಂಚೆಯೇ ಅದೇ ಹಾಳೆಯಲ್ಲಿ ಬರೆದಿಡಿ.